ಉಜ್ಜುಗಂಬ

ಆಗಸ್ಟ್ 20, ಭಾನುವಾರ

ಬೆಳಗಿನಿಂದ ವರ್ಲಿನ್ ಮೇಜು ಗುದ್ದುತ್ತಿದ್ದಾನೆ. ಅವನ ಎಡಗೈ ಒಂದೇ ಈಗ ಕೆಲಸ ಮಾಡುವುದು. ಆದರೆ ಆ ಒಂದು ಕೈಗೆ ಎರಡು ಕೈಗಳ ಬಲ ಬಂದಿದೆ. ಕಾಫಿ ಕೊಟ್ಟೆ, ತಳ್ಳಿದ. ಮೊಟ್ಟೆ ಬೇಯಿಸಿಕೊಟ್ಟೆ, ತಳ್ಳಿದ. ಬಚ್ಚಲಿಗೆ ಹೋಗಬೇಕೇ ಎಂದು ಕೇಳಿದ್ದಕ್ಕೆ ಕಣ್ಣು ಕೆಕ್ಕರಿಸಿದ. "ಚಮಚ! ಚಮಚ!" ಎಂದು ಕಿರುಚಿದ. ಚಮಚ ತಂದುಕೊಟ್ಟರೆ ಗೋಡೆಗೆ ಎಸೆದ.

ಏಪ್ರಿಲ್‌ನಲ್ಲಿ ಲಕ್ವ ಹೊಡೆದ ಮೇಲೆ ಅವನ ನಾಲಿಗೆಯಲ್ಲಿ ಉಳಿದಿರುವುದು 'ಅಲ್ಲ' ಎಂಬುದೊಂದು, ಬೈಗುಳ ಒಂದೆರಡು, ಮತ್ತೆ, ಯಾಕೆಂದು ದೇವರಿಗೇ ಗೊತ್ತು, 'ಚಮಚ'. ಬೇಕಾದ ಮಾತು ಸಿಗದಾಗಲೆಲ್ಲ ಅದೇ. ಟಿವಿಯೂ ಚಮಚ, ಹೊಟ್ಟೆನೋವೂ ಚಮಚ, ನಾನೂ ಚಮಚ.

ಕೊನೆಗೆ ನನ್ನ ತೋಳು ಹಿಡಿದೆಳೆದು ಕೊಟ್ಟಿಗೆಗೆ ಕರೆದುಕೊಂಡು ಹೋದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ. ಅಲ್ಲಿ ಮೂಲೆಗೆ ಒರಗಿಸಿದ್ದ ಸೀಡರ್ ದಿಮ್ಮಿಗಳ ಮುಂದೆ ನಿಂತು, ಒಂದಕ್ಕೆ ಹಣೆ ಹಚ್ಚಿ, ಮೇಲಕ್ಕೂ ಕೆಳಕ್ಕೂ ಉಜ್ಜಿದ. ಬಿಳಿ ಕೂದಲಿಗೆ ತೊಗಟೆಯ ಚೂರು ಅಂಟಿತು. ಮತ್ತೆ ಉಜ್ಜಿ ನನ್ನನ್ನು ನೋಡಿದ.

ಆಗ ತಿಳಿಯಿತು. ಉಜ್ಜುಗಂಬ. ಪ್ರತಿ ಆಗಸ್ಟ್‌ನಲ್ಲಿ ಹಿಂದಿನ ಬಯಲಿನಲ್ಲಿ ಈ ಕಂಬಗಳನ್ನು ನೆಡುತ್ತಿದ್ದ. ಗಂಡುಜಿಂಕೆಗಳು ಕೊಂಬು, ಹಣೆ ಉಜ್ಜಲು ಮರ ಹುಡುಕುತ್ತವಂತೆ. ಮರವಿಲ್ಲದ ಬಯಲಲ್ಲಿ ಒಂದೇ ಒಂದು ಕಂಬ ಕಂಡರೆ ಎಲ್ಲವೂ ಅಲ್ಲಿಗೇ ಬರುತ್ತವಂತೆ. ಬಂದು ಬಂದು ರೂಢಿಯಾಗುತ್ತದೆ. ನವೆಂಬರ್‌ನಲ್ಲಿ ಬೇಟೆಯ ಕಾಲ ಶುರುವಾದಾಗ ಇವನು ಬಯಲಂಚಿಗೆ ಎತ್ತರಿಸಿ ಕಟ್ಟಿದ ಹಲಗೆಗೂಡಿನಲ್ಲಿ ಅಡಗಿ ಬಂದೂಕು ಹಿಡಿದು ಕೂತಿರುತ್ತಾನೆ. ಮದುವೆಯಾದಾಗಿನಿಂದ ನನ್ನ ಪಾಲಿನ ಶರತ್ಕಾಲವನ್ನೆಲ್ಲ ಆ ಗೂಡು ತಿಂದಿದೆ. ನಾನು ಅಲ್ಲಿಗೆ ಒಮ್ಮೆಯೂ ಹೋಗಿಲ್ಲ. ಜಿಂಕೆ ಎಂದರೆ ನನಗೆ ಬೀನ್ಸ್ ಬಳ್ಳಿ ಬೋಳಿಸುವ ಪ್ರಾಣಿ, ಅಷ್ಟೆ.

ಸಂಜೆ ಮಗಳು ಜೋಲೀನ್ ಫೋನ್ ಮಾಡಿದಳು. ಪೇಟೆಯ ಆರೈಕೆ ಮನೆಯಲ್ಲಿ ಹೊಸ ವರ್ಷ ಕಳೆದ ಮೇಲೆ ಅಪ್ಪನಿಗೆ ಹಾಸಿಗೆ ಸಿಗುತ್ತದಂತೆ. "ಹೂಂ ಅಂದ್ಬಿಡ್ಲಾ ಅಮ್ಮ?" ಎಂದಳು. ಹೂಂ ಅನ್ನು ಎಂದೆ. ವರ್ಲಿನ್‌ಗೆ ಹೇಳಿಲ್ಲ. ಹೇಳಿದರೆ ಏನೆನ್ನುತ್ತಾನೆ? ಚಮಚ ಎನ್ನುತ್ತಾನೆ.

ಆಗಸ್ಟ್ 26, ಶನಿವಾರ

ಸೊಂಟ ಬಿದ್ದುಹೋಗಿದೆ. ಒಂದು ಕಂಬ ನೆಟ್ಟದ್ದಾಯಿತು.

ವರ್ಲಿನ್‌ನನ್ನು ಹೊಲದ ಮೋಟಾರು ಗಾಡಿಯಲ್ಲಿ ಕೂರಿಸಿ, ಬೀಳದಂತೆ ಪಟ್ಟಿ ಬಿಗಿದು, ಹಿಂದೆ ದಿಮ್ಮಿ ಕಟ್ಟಿಕೊಂಡು ಹೋದೆ. ಎಲ್ಲಿ ಅಗೆಯಬೇಕೆಂದು ಎಡಗೈ ತೋರಿಸಿತು. ಒಂದು ಮೊಳ ಹೋಗುವುದರೊಳಗೆ ಸುಣ್ಣಕಲ್ಲು ಸಿಕ್ಕಿತು. ಹಾರೆಯಲ್ಲಿ ಕುಕ್ಕಿ ಕುಕ್ಕಿ ಅಂಗೈ ಬೊಬ್ಬೆ. ಸಾಕೆಂದು ಕಂಬ ಇಳಿಸಿದೆ. "ಅಲ್ಲ!" ಮತ್ತೆ ಅಗೆದೆ. "ಅಲ್ಲ!" ಕೊನೆಗೆ ಹಾರೆಯನ್ನು ಅವನ ಕಾಲಬುಡಕ್ಕೆ ಬಿಸಾಕಿ, "ನೀನೇ ಇಳಿದು ಅಗಿ ಹಾಗಾದ್ರೆ, ಮಹಾರಾಯ" ಎಂದೆ. ಅವನು ಅತ್ತ. ಲಕ್ವ ಹೊಡೆದವರಿಗೆ ಅಳು ಸುಮ್ಮನೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹಾಗೆಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಹೊಲದಿಂದ ಮಿಲೊ ಬಂದ. ವರ್ಲಿನ್‌ನ ಬೇಟೆಯ ಜೊತೆಗಾರ. ದೊಡ್ಡ ಹೊಟ್ಟೆ, ದೊಡ್ಡ ಬಾಯಿ.

"ಏನಮ್ಮಾ ಆರ್ಲಿಸ್, ಗಂಡನ್ನ ಹೂಳೋಕೆ ಗುಂಡಿ ತೋಡ್ತಿದೀಯೇನು? ಅವ್ನು ಇನ್ನೂ ಉಸಿರಾಡ್ತಿದಾನಲ್ಲೇ!"

"ಜಾಗ ಅಳತೆ ನೋಡ್ತಿದೀನಿ. ನಿನಗೂ ಸಾಕಾಗುತ್ತೆ, ಇಳಿ."

ವರ್ಲಿನ್ ಗೊಳ್ ಎಂದು ನಕ್ಕ. ಮಿಲೊ ಗುಂಡಿಯನ್ನು ಆಳ ಮಾಡಿಕೊಟ್ಟ. "ಮೂರಡಿ ಒಳಗೆ ಹೋಗ್ಬೇಕು ಕಣಮ್ಮ. ಇಲ್ದಿದ್ರೆ ದೊಡ್ಡ ಗಂಡು ಒಂದ್ಸಲ ಕೊಂಬು ಹಾಕಿ ತಿರುಗಿಸಿದ್ರೆ ಹಲ್ಲು ಕಿತ್ತ ಹಾಗೆ ಕಿತ್ಕೊಂಡು ಬರುತ್ತೆ." ಕಂಬ ನಿಂತ ಮೇಲೆ ಉಳಿಯಲ್ಲಿ ತೊಗಟೆಯನ್ನು ಅಲ್ಲಲ್ಲಿ ಕೆತ್ತಿ ಕೆಂಪು ತಿರುಳು ಕಾಣಿಸಿದ. ಆಗಲೇ ಯಾವುದೋ ಜಿಂಕೆ ಉಜ್ಜಿ ಹೋದಂತೆ ಕಾಣಬೇಕಂತೆ. ಸೀಡರ್ ವಾಸನೆ ಈಗಲೂ ನನ್ನ ಕೈಯಲ್ಲಿದೆ.

ಸೆಪ್ಟೆಂಬರ್ 3, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ನೆಟ್ಟೆವು. ಕಂಬದ ಎದೆಮಟ್ಟದಲ್ಲಿ ತೂತು ಕೊರೆದು ಓಕ್ ಕೊಂಬೆ ಸಿಕ್ಕಿಸಬೇಕು, ಅದು ಜಿಂಕೆಯ ಮುಖದ ಮೇಲೆ ತೂಗುವಂತಿರಬೇಕು. ಕೆಳಗಿನ ಹುಲ್ಲು ಕೆರೆದು ಮಣ್ಣು ಕಾಣಿಸಬೇಕು. ಕಂಬಕ್ಕೆ ಮನುಷ್ಯರ ವಾಸನೆ ಹತ್ತಬಾರದಂತೆ, ರಬ್ಬರ್ ಕೈಗವಸು ಹಾಕದೆ ಮುಟ್ಟಿದ್ದಕ್ಕೆ ವರ್ಲಿನ್ ನನ್ನನ್ನು ಬೈದ. ಬೈಗುಳ ಮಾತ್ರ ಒಂದೂ ತಪ್ಪದೆ ಬರುತ್ತದೆ.

"ಕಾಡು ತುಂಬ ಮರ ಇದೆ. ಈ ಸತ್ತ ಕೊರಡಿಗೆ ಯಾಕೆ ಬರುತ್ತೆ?" ಎಂದು ಮಿಲೊನನ್ನು ಕೇಳಿದೆ.

"ಹೆಂಡದಂಗಡಿಗೆ ನಾವು ಯಾಕೆ ಹೋಗ್ತೀವಿ? ಮನೇಲಿ ಬಿಯರ್ ಇರಲ್ವಾ? ಯಾರು ಬಂದಿದ್ರು, ಯಾರ ಕೊಬ್ಬು ಹೆಚ್ಚಾಗಿದೆ, ಯಾವಳು ಒಬ್ಬಳೇ ಇದಾಳೆ, ಎಲ್ಲ ಸುದ್ದಿ ಅಲ್ಲೇ ಸಿಗೋದು. ಒಂದು ಬಂದು ಹಣೆ ಉಜ್ಜಿ ಹೋಗುತ್ತೆ. ಇನ್ನೊಂದು ಬಂದು ಮೂಸುತ್ತೆ, ನೆಕ್ಕುತ್ತೆ, ತನ್ನದೂ ಉಜ್ಜುತ್ತೆ. ಕಣಿವೆಯ ಒಂದು ಜಿಂಕೆನೂ ತಪ್ಪಿಸ್ಕೊಳಲ್ಲ."

ಎದುರಿಗೆ ಗೂಟ ನೆಟ್ಟು ಕ್ಯಾಮೆರಾ ಕಟ್ಟಿದ್ದೇವೆ. ಏನಾದರೂ ಅಲುಗಿದರೆ ತಾನೇ ಫೋಟೊ ತೆಗೆದು ನನ್ನ ಫೋನಿಗೆ ಕಳಿಸುತ್ತದೆ.

ಸೆಪ್ಟೆಂಬರ್ 14, ಗುರುವಾರ

ವರ್ಲಿನ್‌ನ ಮೊದಲನೇ ಕಂಬಕ್ಕೆ ಒಂದು ಹೆಣ್ಣು ಬಂದಿದೆ. ಕೊಂಬೆಯನ್ನು ಬಾಯಲ್ಲಿ ಹಿಡಿದುಕೊಂಡಿದೆ. ಫೋಟೊ ತೋರಿಸಿದೆ. ಅವನ ಮುಖ ಬೆಳಗಿತು. ಬೆಳಿಗ್ಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ಉಣ್ಣಿಸಿದವಳು ನಾನು. ನಗು ಜಿಂಕೆಗೆ.

ಸೆಪ್ಟೆಂಬರ್ 27, ಬುಧವಾರ

ದೊಡ್ಡದೊಂದು ಬಂದಿದೆ.

ಮಿಲೊ ಫೋನಿನ ಪರದೆಯನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದ. ಕತ್ತು ಎತ್ತಿನ ಕತ್ತಿನಂತಿದೆ. ಎಡಗೊಂಬಿನ ಒಂದು ಕವಲು ಕೆಳಗೆ ಬಾಗಿದೆ. ಕಂಬದ ಒಂದು ಪಕ್ಕವನ್ನೇ ಸುಲಿದುಹಾಕಿದೆ. "ಇಂಥದ್ದು ನಮ್ಮ ಕಣಿವೇಲಿ ನಾ ನೋಡೇ ಇಲ್ಲ ಕಣೋ ವರ್ಲಿನ್" ಎಂದ. ವರ್ಲಿನ್ ಬೆರಳನ್ನು ಪರದೆಯ ಮೇಲಿಟ್ಟು, ತುಟಿ ನಡುಗಿಸಿ, "ನಂದು" ಎಂದ.

ನಾನೂ ಮಿಲೊನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏಪ್ರಿಲ್‌ನಿಂದ ಈಚೆಗೆ ಹೊಸ ಮಾತು ಬಂದದ್ದು ಇದೇ ಮೊದಲು.

ಬೇಟೆ ಶುರುವಾಗುವ ದಿನ ಗಾಡಿಯಲ್ಲೇ ಕೂತು ಹೊಡೆಯಲು ಅಂಗವಿಕಲರಿಗೆ ಪರವಾನಗಿ ಸಿಗುತ್ತದಂತೆ. ಮಿಲೊ ಮಾಡಿಸಿಕೊಡುತ್ತಾನೆ. ವರ್ಲಿನ್ ಈಗ ಊಟ ಬಿಡುವುದಿಲ್ಲ. ಫ್ರೀಜರಿನಲ್ಲಿ ಹೋದ ವರ್ಷದ ಜಿಂಕೆ ಮಾಂಸ ಇನ್ನೂ ಇದೆ. ಈರುಳ್ಳಿ ಹಾಕಿ ಬೇಯಿಸಿದೆ, ಎರಡು ಸಲ ಹಾಕಿಸಿಕೊಂಡ. ಎಡಗೈಯಲ್ಲಿ ಪೊರಕೆಕಡ್ಡಿ ಹಿಡಿದು ಗುರಿ ಹಿಡಿಯುವ ಅಭ್ಯಾಸ ಮಾಡುತ್ತಾನೆ.

ಅಕ್ಟೋಬರ್ 8, ಭಾನುವಾರ

ಜೋಲೀನ್ ಬಂದಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, "ಅಪ್ಪಂಗೆ ಯಾವಾಗ ಹೇಳ್ತೀಯಾ ಅಮ್ಮ?" ಎಂದಳು.

"ಬೇಟೆ ಮುಗೀಲಿ."

"ನೀನು ದಿನಾ ಹೀಗೇ ಮುಂದಕ್ಕೆ ಹಾಕ್ತಿದೀಯ. ಜನವರಿ ಏನು ದೂರ ಇದ್ಯಾ? ನಿನ್ನ ಕೈ ನೋಡ್ಕೋ, ಹೇಗಾಗಿದೆ. ಅವ್ರನ್ನ ಎತ್ತಿ ಎತ್ತಿ ನೀನೇ ಒಂದು ದಿನ ಬೀಳ್ತೀಯಾ."

"ಕೈ ಹೀಗಾಗಿರೋದು ಅಪ್ಪನ್ನ ಎತ್ತಿ ಅಲ್ಲ, ಕಂಬ ನೆಟ್ಟು."

"ಅದು ಇನ್ನೂ ಚೆನ್ನಾಗಿದೆ!"

ತಿರುಗಿ ನೋಡಿದರೆ ಬಾಗಿಲಲ್ಲಿ ವರ್ಲಿನ್. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಜೋಲೀನ್ ಅವನ ಕೆನ್ನೆಗೆ ಮುತ್ತು ಕೊಟ್ಟು ಹೊರಟಳು. ಅವನು ರಾತ್ರಿ ಊಟಕ್ಕೆ ಬಾಯಿ ತೆರೆಯಲಿಲ್ಲ.

ಅಕ್ಟೋಬರ್ 10

ಇವತ್ತೂ ತಿನ್ನಲಿಲ್ಲ. ನನ್ನ ಕಡೆ ನೋಡುವುದೂ ಇಲ್ಲ. ಹೊಸ ಫೋಟೊ ಮುಂದೆ ಹಿಡಿದರೆ ಮಾತ್ರ ನೋಡುತ್ತಾನೆ.

ಅಕ್ಟೋಬರ್ 17, ಮಂಗಳವಾರ

ಮಧ್ಯಾಹ್ನ ಅವನನ್ನು ಕುರ್ಚಿಯಲ್ಲಿ ಮಲಗಿಸಿ ಕ್ಯಾಮೆರಾದ ಬ್ಯಾಟರಿ ಬದಲಿಸಲು ಹೋದೆ. ಬದಲಿಸಿ ಬರುವುದೆಂದೇ ಹೋದದ್ದು. ಗಾಳಿ ನಿಂತಿತ್ತು. ಅಂಚಿನ ಓಕ್ ಮರಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಗೂಡಿನೊಳಗೆ ಹೇಗಿದೆ ನೋಡೋಣ ಎಂದು ಹತ್ತಿ ಕೂತೆ. ಅವನು ಕೂರುವ ಹಳೇ ಬಸ್ಸಿನ ಸೀಟು, ಅವನ ಬೆನ್ನಿನ ಗುಣಿ ಬಿದ್ದಿದೆ.

ಮೊದಲು ಎರಡು ಮರಿಗಳು ಬಂದವು. ಆಮೇಲೆ ತಾಯಿ. ನಾನು ಇಟ್ಟ ಕಾಲನ್ನು ಅಲುಗಿಸಲಿಲ್ಲ. ತಾಯಿ ನಮ್ಮ ನಡುಗಂಬದ ಕೊಂಬೆಗೆ ಮೂಗು ಒಡ್ಡಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಮೆಲ್ಲಗೆ ಉಜ್ಜಿತು. ನಾನು ಕೊರೆದ ತೂತು, ನಾನು ಸಿಕ್ಕಿಸಿದ ಕೊಂಬೆ. ತಾಯಿ ಹೋದ ಮೇಲೆ ಒಂದು ಪ್ರಾಯದ ಗಂಡು ಬಂತು. ಆಮೇಲೆ ಮತ್ತೊಂದು. ಬಿಸಿಲು ಗುಡ್ಡದ ಹಿಂದೆ ಇಳಿದದ್ದು ಗೊತ್ತಾಗಲಿಲ್ಲ. ಮನೆ ಎಂಬುದೊಂದಿದೆ, ಅಲ್ಲಿ ಮನುಷ್ಯನೊಬ್ಬನಿದ್ದಾನೆ ಎಂಬುದೇ ಮರೆತಿತ್ತು.

ಬಂದು ನೋಡಿದರೆ ವರ್ಲಿನ್ ಬಚ್ಚಲಿನ ದಾರಿಯಲ್ಲಿ ನೆಲದ ಮೇಲೆ ಬಿದ್ದಿದ್ದ. ಷರಾಯಿಯೆಲ್ಲ ಒದ್ದೆ. ಬಿದ್ದು ಬಹಳ ಹೊತ್ತಾಗಿರಬೇಕು, ಮೈ ತಣ್ಣಗಿತ್ತು. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಬೂಟಿನ ಮಣ್ಣು ನೋಡಿದ. ಬಾಗಿದಾಗ ನನ್ನ ಕೋಟು ಮೂಸಿದ. ಎಡಗೈ ಬೂಟಿನ ಕಡೆ ಚಾಚಿ, ಹುಬ್ಬು ಎತ್ತಿದ.

ಎತ್ತುವುದು ಬಿಟ್ಟು ಅವನ ಪಕ್ಕದಲ್ಲೇ ನೆಲಕ್ಕೆ ಕೂತು ಹೇಳತೊಡಗಿದೆ. ತಾಯಿ ಹೇಗೆ ಕಣ್ಣು ಮುಚ್ಚಿತು, ಪ್ರಾಯದ್ದು ಹೇಗೆ ಕಾಲು ಕೆದರಿತು, ಎಲ್ಲ. ಅವನು ಕೇಳುತ್ತಲೇ ಇದ್ದ. ಆಮೇಲೆ ಬಟ್ಟೆ ಬದಲಿಸಿದೆ. ಅದನ್ನು ಮೊದಲು ಮಾಡಬೇಕಿತ್ತು.

ಸೂಪು ಕುಡಿದ.

ಅಕ್ಟೋಬರ್ 25, ಬುಧವಾರ

ಬಾಗಿದ ಕವಲಿನ ಗಂಡು ಕೆಲವು ದಿನಗಳಿಂದ ಕಾಣಿಸಿರಲಿಲ್ಲ. ಇವತ್ತಿನ ಫೋಟೊಗಳಲ್ಲಿ ಇದೆ. ಗುರುತು ಸಿಕ್ಕಿದ್ದು ಕೊಂಬಿನಿಂದ ಮಾತ್ರ. ಪಕ್ಕೆಲುಬು ಎಣಿಸಬಹುದು. ಕಿವಿಗಳು ಜೋತುಬಿದ್ದಿವೆ. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿದೆ. ಕಂಬಕ್ಕೆ ಹಣೆ ಹಚ್ಚಿದೆ, ಆದರೆ ಉಜ್ಜುತ್ತಿಲ್ಲ. ಫೋಟೊ ಮೇಲೆ ಫೋಟೊ, ಹಾಗೇ ನಿಂತಿದೆ. ಒರಗದಿದ್ದರೆ ಬೀಳುತ್ತಿತ್ತೇನೋ.

ಮಿಲೊಗೆ ತೋರಿಸಿದೆ. ಅವನ ಬಾಯಿ ಮುಚ್ಚಿದ್ದನ್ನು ಇವತ್ತೇ ನೋಡಿದ್ದು.

"ಸೊರಗುರೋಗ" ಎಂದ ಕೊನೆಗೆ. "ಮೆದುಳು ತೂತು ತೂತಾಗುತ್ತೆ. ಔಷಧಿ ಇಲ್ಲ. ಆಚೆ ಜಿಲ್ಲೇಲಿ ಇತ್ತು, ನಮ್ಮಲ್ಲಿಗೆ ಬಂದಿರ್ಲಿಲ್ಲ."

"ಉಳಿದವಕ್ಕೆ?"

"ಜೊಲ್ಲಲ್ಲೇ ಹರಡೋದು ಆರ್ಲಿಸ್." ಕಂಬದ ಕಡೆ ನೋಡಿ ತಲೆಯ ಟೊಪ್ಪಿ ತೆಗೆದ. "ಕಣಿವೆಗೆಲ್ಲ ಒಂದೇ ಲೋಟದಲ್ಲಿ ಕುಡಿಸಿದ ಹಾಗಾಯ್ತಲ್ಲ. ಇವತ್ತೇ ವನ್ಯಜೀವಿ ಇಲಾಖೆ ವಾರ್ಡನ್‌ಗೆ ಫೋನ್ ಮಾಡು. ಕಂಬ ಕೀಳು. ವರ್ಲಿನ್‌ಗೆ ನಾ ಹೇಳ್ಲಾ?"

"ನಾನೇ ಹೇಳ್ತೀನಿ. ಫೋನೂ ಮಾಡ್ತೀನಿ."

ವರ್ಲಿನ್‌ಗೆ ಸೆಪ್ಟೆಂಬರ್‌ನ ಫೋಟೊವೊಂದನ್ನು ತೋರಿಸಿ ಇವತ್ತಿನದು ಎಂದೆ. "ನಂದು" ಎಂದ.

ಫೋನ್ ಮಾಡಲಿಲ್ಲ.

ಅಕ್ಟೋಬರ್ 29, ಭಾನುವಾರ

ಮೊದಲ ಹಿಮ. ಬೇಟೆಗೆ ಇನ್ನು ಮೂರು ವಾರ. ಅಲ್ಲಿಯವರೆಗೆ ಅದು ಬದುಕಿದರೆ ಸಾಕು. ದೂರದಿಂದ ಅವನಿಗೆ ಅಷ್ಟು ಗೊತ್ತಾಗುವುದಿಲ್ಲ. ಒಂದು ಗುಂಡು ಹಾರಿಸಿಕೊಳ್ಳಲಿ. ಆಮೇಲೆ ಕಂಬ ಕಿತ್ತರಾಯಿತು. ಆಮೇಲೆ ಜನವರಿಯ ವಿಷಯ ಹೇಳಿದರಾಯಿತು.

ಮಿಲೊ ಕೇಳಿದ, ಫೋನ್ ಮಾಡಿದೆಯಾ ಎಂದು. ಮಾಡಿದೆ, ಬರುತ್ತಾರಂತೆ ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಲ್ಲಿ.

ನವೆಂಬರ್ 2

ಇವತ್ತಿನ ಫೋಟೊದಲ್ಲಿ ರೋಗದ ಗಂಡು ಹೋದ ಮೇಲೆ ಆ ಎರಡು ಮರಿಗಳು. ಅದೇ ಕೊಂಬೆ ನೆಕ್ಕುತ್ತಿವೆ.

ನವೆಂಬರ್ 4, ಶನಿವಾರ

ಆದದ್ದನ್ನೆಲ್ಲ ಇದ್ದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಇಲಾಖೆಗೆ ಫೋನ್ ಮಾಡಿದೆ. ಅದಕ್ಕೆ ಮೊದಲು ಆ ಮರಿಗಳ ಫೋಟೊವನ್ನು ಮತ್ತೆ ತೆಗೆದು ನೋಡಿದ್ದೆ. ಲಿಂಡಾಲ್ ಎಂಬ ವಾರ್ಡನ್ ಬಂದಳು, ಜೋಲೀನ್‌ಗಿಂತ ಚಿಕ್ಕವಳು. ಅವಳನ್ನು ಕೂರಿಸಿ, ವರ್ಲಿನ್ ಮುಂದೆ ಇಷ್ಟು ದಿನದ ಫೋಟೊಗಳನ್ನೆಲ್ಲ ಒಂದೊಂದಾಗಿ ಹಿಡಿದೆ. "ನಿನಗೆ ತೋರಿಸ್ಲಿಲ್ಲ. ಹಳೇದನ್ನ ತೋರಿಸಿ ಮೋಸ ಮಾಡಿದೆ" ಎಂದೆ. ಅವನು ಕೊನೆಯದನ್ನು ಬಹಳ ಹೊತ್ತು ನೋಡಿದ. ಬೈಗುಳ ಬರಲಿಲ್ಲ, ಚಮಚವೂ ಬರಲಿಲ್ಲ. ಎದ್ದು ಗೋಡೆಯ ಬಂದೂಕಿನ ಕಡೆ ಕೈ ತೋರಿಸಿದ.

ಬಯಲಿಗೆ ಹೋದಾಗ ಅದು ನಡುಗಂಬದ ಬುಡದಲ್ಲೇ ಮಲಗಿತ್ತು. ನಮ್ಮ ಗಾಡಿಯ ಸದ್ದಿಗೆ ತಲೆ ಎತ್ತಿತು, ಏಳಲು ಮುಂಗಾಲು ಮಡಿಸಿತು, ಆಗಲಿಲ್ಲ. ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ. ಅದೇ ನೋಡಲಾಗದ್ದು. ಕಾಡಿನ ಪ್ರಾಣಿಗೆ ಹೆದರಿಕೆಯಾದರೂ ಇರಬೇಕು.

"ನಾನು ಮಾಡ್ತೀನಿ. ನೀವಿಬ್ರೂ ಮನೆಗೆ ಹೋಗಿ" ಎಂದಳು ಲಿಂಡಾಲ್.

"ಅಲ್ಲ" ಎಂದ ವರ್ಲಿನ್.

ಅವಳು ಅವನನ್ನೂ ನನ್ನನ್ನೂ ನೋಡಿದಳು. "ಆಯ್ತು. ನಾನು ಪಕ್ಕದಲ್ಲೇ ಇರ್ತೀನಿ. ತಲೆಗೆ ಮಾತ್ರ ಬೇಡ, ಪರೀಕ್ಷೆಗೆ ಬೇಕು. ಎದೆಗೆ ಹೊಡೀರಿ."

ನಾನು ಗಾಡಿಯ ಮುಂದೆ ಮಂಡಿಯೂರಿದೆ. ಬಂದೂಕಿನ ನಳಿಗೆಯನ್ನು ನನ್ನ ಹೆಗಲ ಮೇಲೆ ಇಟ್ಟ. ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಕಾದೆ. ನಳಿಗೆ ನಡುಗಿ ನಡುಗಿ ನನ್ನ ಕಿವಿಗೆ ಬಡಿಯಿತು. ಜಿಂಕೆ ನಮ್ಮನ್ನು ನೋಡುತ್ತಲೇ ಇತ್ತು. ಜೊಲ್ಲು ಇಳಿಯುತ್ತಲೇ ಇತ್ತು. ತಿರುಗಿ ನೋಡಿದರೆ ವರ್ಲಿನ್‌ನ ತುಟಿಯ ಬಲ ಅಂಚಿನಿಂದಲೂ.

ಅವನು ಬಂದೂಕನ್ನು ಎಳೆದು ನನ್ನ ಮಡಿಲಿಗೆ ಹಾಕಿದ. "ಬೇಗ" ಎಂದ. "ಬೇಗ. ಬೇಗ."

ಚಿಕ್ಕವಳಿದ್ದಾಗ ಅಪ್ಪನ ಹೊಲದಲ್ಲಿ ಹೆಗ್ಗಣ ಹೊಡೆದವಳು ನಾನು, ಜಿಂಕೆಯನ್ನಲ್ಲ. ಮುಂಗಾಲಿನ ಹಿಂದೆ ಗುರಿ ಇಟ್ಟೆ. ಒಂದೇ ಗುಂಡಿಗೆ ಆಯಿತು. ಕತ್ತು ಮೆಲ್ಲಗೆ ಇಳಿದು ಕಂಬದ ಬುಡಕ್ಕೆ ತಾಗಿತು.

ಸದ್ದು ಅಡಗಿದ ಮೇಲೆ ವರ್ಲಿನ್ ನನ್ನ ತಲೆಯ ಮೇಲೆ ಕೈ ಇಟ್ಟ. ಏಳಲು ಆಸರೆಗೆ ಇಟ್ಟದ್ದೋ ಏನೋ.

ನವೆಂಬರ್ 6, ಸೋಮವಾರ

ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಮೂರೂ ಕಂಬ ಎಳೆದೆವು. ಆಳ ಹಾಕಿದ್ದಕ್ಕೆ ಬರಲು ಸತಾಯಿಸಿದವು. ಸುಡಬೇಡಿ ಎಂದಳು ಲಿಂಡಾಲ್, ಒಲೆಯ ಬೆಂಕಿಗೆ ಆ ವಿಷ ಸಾಯುವುದಿಲ್ಲವಂತೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಲಾಖೆಯ ಲಾರಿಗೆ ಹಾಕಿದೆವು.

"ಮಣ್ಣು?" ಎಂದೆ.

"ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತೆ. ಅದಕ್ಕೆ ನಮ್ಮ ಹತ್ರ ಏನೂ ಇಲ್ಲ."

"ನಾನು ಹತ್ತು ದಿನ ಮೊದಲೇ ಫೋನ್ ಮಾಡಿದ್ರೆ?"

ಅವಳು ಕೈಗವಸು ಕಳಚುತ್ತ, "ಅದು ಯಾರಿಗೂ ಗೊತ್ತಿಲ್ಲ" ಎಂದಳು. ಒಳ್ಳೆಯ ಹುಡುಗಿ. ಹೌದು ಎಂದಿದ್ದರೆ ಇದಕ್ಕಿಂತ ವಾಸಿಯಿರುತ್ತಿತ್ತು.

ನವೆಂಬರ್ 15, ಬುಧವಾರ

ಲ್ಯಾಬಿನಿಂದ ಫಲಿತಾಂಶ ಬಂತು. ಸೊರಗುರೋಗವೇ.

ಮನುಷ್ಯರಿಗೆ ಬಂದದ್ದು ಇದುವರೆಗೆ ಎಲ್ಲೂ ಗೊತ್ತಾಗಿಲ್ಲ, ಆದರೂ ಈ ಜಾಗದ ಮಾಂಸವನ್ನು ಪರೀಕ್ಷೆ ಮಾಡಿಸದೆ ತಿನ್ನಬೇಡಿ ಎಂದಳು ಲಿಂಡಾಲ್. ಹೋದ ವರ್ಷದ್ದನ್ನು ಯಾರೂ ಪರೀಕ್ಷೆ ಮಾಡಿಸಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅದನ್ನೇ ತಿಂದಿದ್ದೇವೆ. ಫ್ರೀಜರ್ ಖಾಲಿ ಮಾಡುತ್ತಿದ್ದರೆ ವರ್ಲಿನ್ ತನ್ನ ತಲೆಗೆ ಬೆರಳು ತೋರಿಸಿ, ಗಾಳಿಯಲ್ಲಿ ತೂತು ಕೊರೆದಂತೆ ಮಾಡಿ, ಭುಜ ಕುಣಿಸಿ ನಕ್ಕ. ತನ್ನದು ಆಗಲೇ ತೂತಾಗಿದೆ, ಇನ್ನೇನು ಎಂಬಂತೆ. ನನಗೂ ನಗು ಬಂತು. ಹೆಪ್ಪುಗಟ್ಟಿದ ಮಾಂಸದ ಪೊಟ್ಟಣಗಳ ನಡುವೆ ನಿಂತು ಹೊಟ್ಟೆ ಹಿಡಿದು ನಕ್ಕೆವು.

ನವೆಂಬರ್ 18, ಶನಿವಾರ

ಬೇಟೆಯ ಮೊದಲ ದಿನ. ಬೆಳಕು ಹರಿದಾಗಿನಿಂದ ಸುತ್ತಲ ಗುಡ್ಡಗಳಲ್ಲಿ ಗುಂಡಿನ ಸದ್ದು. ವರ್ಲಿನ್ ಅಡುಗೆಮನೆಯ ಕಿಟಕಿಯಲ್ಲಿ ಕೂತಿದ್ದ. ಈ ದಿನ ಅವನು ಮನೆಯಲ್ಲಿದ್ದದ್ದು ನಾನು ಕಂಡಿಲ್ಲ. ಇಬ್ಬರೂ ಆಲೂಗಡ್ಡೆಯ ಲೆಫ್ಸೆ ರೊಟ್ಟಿಗೆ ಬೆಣ್ಣೆ ಹಚ್ಚಿ ತಿಂದೆವು.

ನವೆಂಬರ್ 22, ಬುಧವಾರ

ಮಿಲೊ ಬಂದಿದ್ದ. ಹೊಸಿಲು ದಾಟಲಿಲ್ಲ.

"ನಂದರ ರಿಪೋರ್ಟೂ ಬಂತು" ಎಂದ. "ಶನಿವಾರ ಹೊಡೆದದ್ದು. ರೋಗ ಇದೆಯಂತೆ."

"ಅದು ನಮ್ಮ ಕಂಬದಿಂದಲೇ ಅಂತ..."

"ನಾ ಹಾಗಂದ್ನಾ? ವಾರ್ಡನ್ ಹುಡುಗಿ ಸಿಕ್ಕಿದ್ಲು. ನೀನು ಫೋನ್ ಮಾಡಿದ್ದು ನಾಲ್ಕನೇ ತಾರೀಕಂತೆ. ನನಗೆ ಏನು ಹೇಳಿದ್ದೆ ಆರ್ಲಿಸ್?"

ಒಳಗಿಂದ ವರ್ಲಿನ್ ಅವನ ದನಿ ಕೇಳಿ ಮೇಜು ಗುದ್ದುತ್ತಿದ್ದ, ಬಾ ಬಾ ಎಂಬಂತೆ. ಮಿಲೊ ಆ ಕಡೆ ಒಮ್ಮೆ ನೋಡಿದ. "ಅವ್ನಿಗೋಸ್ಕರ ಮಾಡಿದೆ ಅಂತ ಗೊತ್ತು. ಆದ್ರೆ ನನ್ನ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ್ಯಲ್ಲ" ಎಂದು ಹೊರಟುಹೋದ. ವರ್ಲಿನ್ ಬಹಳ ಹೊತ್ತು ಗುದ್ದುತ್ತಲೇ ಇದ್ದ.

ನವೆಂಬರ್ 26, ಭಾನುವಾರ

ಬೇಟೆಯ ಕಾಲ ಇವತ್ತಿಗೆ ಮುಗಿಯಿತು. ವರ್ಲಿನ್ ಬಯಲಿಗೆ ಹೋಗಬೇಕೆಂದು ಹಟ ಹಿಡಿದ. ಕಂಬಳಿ ಹೊದಿಸಿ ಕರೆದುಕೊಂಡು ಹೋದೆ.

ಕಂಬವಿದ್ದ ಜಾಗದಲ್ಲಿ ಒಂದು ಎಳೆಯ ಗಂಡು ನಿಂತಿತ್ತು. ನಾನು ಮುಚ್ಚಿದ ಗುಂಡಿಯ ಮಣ್ಣನ್ನು ಕಾಲಿನಿಂದ ಕೆದರುತ್ತಿತ್ತು. ತಲೆ ಎತ್ತಿ, ಕೊಂಬೆ ಇರುತ್ತಿದ್ದ ಎತ್ತರಕ್ಕೆ ಮೂಗು ಚಾಚಿ, ಏನೂ ಸಿಗದೆ, ಮತ್ತೆ ಬಗ್ಗಿ ಮಣ್ಣು ನೆಕ್ಕಿತು.

"ಹೋಗು!" ಎಂದಿತು ಪಕ್ಕದಿಂದ ಒಂದು ದನಿ. ವರ್ಲಿನ್. ಆಯುಷ್ಯವೆಲ್ಲ ಜಿಂಕೆಯ ಮುಂದೆ ಕೆಮ್ಮದೆ ಕೂತ ಮನುಷ್ಯ ಗಂಟಲು ಹರಿಯುವಂತೆ ಕೂಗುತ್ತಿದ್ದ. "ಹೋಗು! ಹೋಗು!" ನಾನೂ ಇಳಿದು ಸಲಿಕೆಯಿಂದ ಗಾಡಿಯ ತಗಡು ಬಡಿದೆ. ಹಾರ್ನ್ ಒತ್ತಿದೆ. ಅದು ಅಂಚಿನವರೆಗೆ ಓಡಿ, ನಿಂತು, ನಮ್ಮನ್ನೇ ನೋಡಿತು. ಮತ್ತೆ ಕೂಗಿದೆವು. ಕಾಡಿನೊಳಗೆ ಹೋಗುವವರೆಗೆ ಕೂಗಿದೆವು.

ದನಿ ಬಿದ್ದುಹೋದ ಮೇಲೆ ಅವನ ಪಕ್ಕ ಕೂತು ಹೇಳಿದೆ. "ಜನವರಿ ಮೂರಕ್ಕೆ ನಿನ್ನನ್ನ ಪೇಟೆಯ ಆರೈಕೆ ಮನೆಗೆ ಬಿಡ್ತೀನಿ. ನನ್ನ ಕೈಲಿ ಇನ್ನು ಆಗಲ್ಲ ವರ್ಲಿನ್. ಆಗಸ್ಟ್‌ನಲ್ಲೇ ಒಪ್ಪಿಕೊಂಡಿದ್ದೆ."

"ಅಲ್ಲ" ಎಂದ. ಆಮೇಲೆ "ಹೂಂ" ಎಂದ. ಎರಡರಲ್ಲಿ ಯಾವುದು ಅವನು ಹುಡುಕಿದ ಮಾತೋ ಗೊತ್ತಿಲ್ಲ. ಕಂಬಳಿಯ ಅರ್ಧವನ್ನು ನನ್ನ ಮೇಲೂ ಎಳೆದ.

ಡಿಸೆಂಬರ್ 12, ಮಂಗಳವಾರ

ಮೂರು ಗುಂಡಿಗಳ ಸುತ್ತಲೂ ಎತ್ತರದ ತಂತಿಬೇಲಿ ಹಾಕಿದೆ. ನೆಲ ಹೆಪ್ಪುಗಟ್ಟುವ ಮೊದಲು ಮುಗಿಸಬೇಕಿತ್ತು. ಗೂಟ ಹೊಡೆಯುವಾಗ ವರ್ಲಿನ್ ಗಾಡಿಯಿಂದಲೇ ತಂತಿ ಬಿಚ್ಚಿಕೊಟ್ಟ. ಒಂದು ಸಲವೂ 'ಅಲ್ಲ' ಎನ್ನಲಿಲ್ಲ. ದಿನಾ ಕಾಫಿಯಾದ ಮೇಲೆ ಹೋಗುತ್ತೇವೆ, ಕೂಗಿ ಬರುತ್ತೇವೆ.

ಜನವರಿ 3, ಬುಧವಾರ

ಬಿಟ್ಟು ಬಂದೆ. ಅಂಗಿಯ ಗುಂಡಿ ಹಾಕುವಾಗ ಅವನು ಗದ್ದ ಎತ್ತಿಕೊಟ್ಟ. ಮನೆಯಲ್ಲಿ ಸದ್ದೇ ಇಲ್ಲ. ಮೇಜಿನ ಅವನ ಕಡೆಯ ಬಣ್ಣ ಸವೆದಿದೆ.

ಜನವರಿ 19, ಶುಕ್ರವಾರ

ಆರೈಕೆ ಮನೆಯ ದಾದಿ ಫೋನ್ ಮಾಡಿದಳು. ದನಿಯಲ್ಲಿ ಬೇಸರವಿತ್ತು.

"ಆರ್ಲಿಸ್ ಅವ್ರೇ, ನಿಮ್ಮ ಯಜಮಾನರ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು. ಇಲ್ಲಿ ಹಿಂದುಗಡೆ ಕಾಡುಸೇಬಿನ ಮರ ಇದೆ. ಉದುರಿದ್ದನ್ನ ತಿನ್ನೋಕೆ ಬೆಳಿಗ್ಗೆ ಬೆಳಿಗ್ಗೆ ಜಿಂಕೆಗಳು ಬರ್ತವೆ. ನಮ್ಮ ಅಜ್ಜ ಅಜ್ಜಿಯರಿಗೆಲ್ಲ ಅವನ್ನ ನೋಡೋದು ಅಂದ್ರೆ ಪ್ರಾಣ. ಇವ್ರು ನೋಡಿದ್ರೆ ಕಿಟಕಿ ಗಾಜು ಗುದ್ದಿ, ಹೋಗು ಹೋಗು ಅಂತ ಕಿರುಚಿ ಎಲ್ಲವನ್ನೂ ಓಡಿಸ್ಬಿಡ್ತಾರೆ. ಬೇರೆಯವ್ರು ಅಳ್ತಾರೆ. ನಾವು ಹೇಳಿದ್ರೆ ಕೇಳಲ್ಲ. ಅವ್ರ ಕುರ್ಚಿನ ಆಚೆ ಗೋಡೆ ಕಡೆ ತಿರುಗಿಸೋಣ ಅಂತ."

"ಯಾವ ಕೈಯಲ್ಲಿ ಗುದ್ತಾನೆ?" ಎಂದೆ.

"ಎರಡರಲ್ಲೂ. ಬಲಗೈ ಅಷ್ಟು ಏಳಲ್ಲ, ಆದ್ರೂ ಎತ್ತೋಕೆ ನೋಡ್ತಾರೆ."

ಬಲಗೈ ಎತ್ತಿದ್ದನ್ನು ನಾನು ಏಪ್ರಿಲ್‌ನಿಂದ ನೋಡಿಲ್ಲ.

"ಕುರ್ಚಿ ತಿರುಗಿಸ್ಬೇಡಿ" ಎಂದೆ. "ಕಿಟಕಿಗೆ ಇನ್ನೂ ಹತ್ರ ಇಡಿ. ನಾಳೆ ನಾನೂ ಬರ್ತೀನಿ, ಇಬ್ರೂ ಸೇರಿ ಓಡಿಸ್ತೀವಿ."